ಹಂದಿ ಹುಳಿಸಾರು ಮತ್ತು ಆತಕೂರಿನ ನಾಯಿ

ಹೋದ ಸಲ ಊರಿಗೆ ಹೋದಾಗ ಒಂದು ಅಧಿಕಪ್ರಸಂಗ ಮಾಡಿದೆ. ಊರು ಅಂದ್ರೆ ನಮ್ಮ ಚಿಕ್ಕರಸಿನಕೆರೆ, ಮದ್ದೂರು ತಾಲೂಕು. ಕಾಲಭೈರವೇಶ್ವರನ ಬಸಪ್ಪನಿಂದಾಗಿ ನಿಮ್ಮಲ್ಲಿ ಕೆಲವರಾದರೂ ಹೆಸರು ಕೇಳಿರ್ತೀರಿ. ನಾನು ಮಾಡಲು ಹೊರಟಿದ್ದು ಅದೋಬೋ ಅನ್ನುವ ಫಿಲಿಪ್ಪೀನ್ಸಿನ ಹಂದಿ ಅಡುಗೆ. ಹಿಂದೆ ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಆ ದೇಶದ ಗೆಳೆಯನೊಬ್ಬ ಹೇಳಿಕೊಟ್ಟಿದ್ದ.

ಅವ್ವ ಒಂದೇ ಮಾತು ಹೇಳಿದಳು. "ಏನಾರ ಬೇಯಿಸ್ಕೊ, ಒಳಗೆ ಮಾತ್ರ ಬ್ಯಾಡ."

ನಮ್ಮನೆಯಲ್ಲಿ ಕುರಿ, ಕೋಳಿ ಒಳಗಿನ ಒಲೆ ಮೇಲೆ. ಹಂದಿ ಹಿತ್ತಲಲ್ಲಿ, ಮೂರು ಕಲ್ಲಿನ ಮೇಲೆ. ಅದಕ್ಕೇ ಅಂತ ಮಸಿ ಹಿಡಿದ ಒಂದು ಪಾತ್ರೆ, ಅದು ಹಿತ್ತಲು ದಾಟಿ ಬರುವ ಹಾಗಿಲ್ಲ. ತಾತ ಚಪ್ಪರಿಸಿಕೊಂಡು ತಿನ್ನುತ್ತಿದ್ದ, ಅಪ್ಪನೂ ತಿನ್ನುತ್ತಾನೆ. ಆದರೆ ಯಾರಾದರೂ "ಏನು ಬಾಡು ಇವತ್ತು?" ಅಂದರೆ ಉತ್ತರ "ಮಟನ್ನು". ಹಾಸ್ಟೆಲಿನಲ್ಲಿ ಇದ್ದಷ್ಟು ವರ್ಷ ನಾನೂ ಹಾಗೇ ಸುಳ್ಳು ಹೇಳಿಕೊಂಡು ಬಂದವನು.

ಒಲೆ ಹೊತ್ತಿಸುತ್ತಾ ನೆನಪಾಗಿದ್ದು ಆತಕೂರಿನ ಕಲ್ಲು. ಆತಕೂರು ನಮ್ಮ ತಾಲೂಕಿನದೇ. ನಮ್ಮದು ಚಿಕ್ಕರಸಿನಕೆರೆ ಹೋಬಳಿ, ಅದು ಆತಗೂರು ಹೋಬಳಿ. ರಾಷ್ಟ್ರಕೂಟರ ಮೂರನೇ ಕೃಷ್ಣ ಮತ್ತು ಗಂಗರ ಇಮ್ಮಡಿ ಬೂತುಗ ಸೇರಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ್ದು 949ರಲ್ಲಿ. ಆ ಯುದ್ಧದಲ್ಲಿ ಚೆನ್ನಾಗಿ ಕಾದಾಡಿದ ಮಣಲರತನಿಗೆ ಬೂತುಗ "ಏನು ಬೇಕೋ ಕೇಳು" ಅಂದಾಗ ಅವನು ಕೇಳಿದ್ದು ಕಾಳಿ ಅನ್ನುವ ಬೇಟೆನಾಯಿಯನ್ನು! ಆ ನಾಯಿ ಬೆಳತೂರಿನ ಗುಡ್ಡದಲ್ಲಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿದ್ದು, ನಾಯಿ ಹಂದಿ ಎರಡೂ ಸತ್ತವು. ನಾಯಿಗಾಗಿ ಚಲ್ಲೇಶ್ವರನ ಗುಡಿ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಈ ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ ನಾಯಿಯ ಪಾಪ ತಟ್ಟುತ್ತದೆ ಅಂತಲೂ ಬರೆಸಿದರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ನಾಯಿ ಹಂದಿ ಎದುರುಬದುರಾಗಿರುವ ಕೆತ್ತನೆ ನೋಡಲೇಬೇಕು. ಹಂದಿಯನ್ನು ಎದುರಿಸಿ ಸತ್ತಿದ್ದು ಶಾಸನಕ್ಕೆ ಏರುವಷ್ಟು ದೊಡ್ಡ ಸಂಗತಿಯಾಗಿತ್ತು, ನಮ್ಮ ಸೀಮೆಯಲ್ಲೇ.

ಬೇಟೆ ಬೇರೆ, ಊಟ ಬೇರೆ ಅನ್ನಬಹುದು ನೀವು. ಸರಿ, ಊಟಕ್ಕೇ ಬರೋಣ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದ ಅನ್ನಭೋಗ ಭಾಗದಲ್ಲಿ ಹಂದಿ ಅಡುಗೆ ವಿವರವಾಗಿಯೇ ಇದೆ. ಬಿಸಿನೀರು ಹಾಕಿ ಕೂದಲು ತೆಗೆಯುವುದರಿಂದ ಹಿಡಿದು ಬೇಯಿಸುವ ಕ್ರಮದವರೆಗೆ. ಅಂದರೆ ಇಂದಿನ ಬಸವಕಲ್ಯಾಣದಲ್ಲಿ ರಾಜನ ತಟ್ಟೆಯಲ್ಲಿ ಬಹಿರಂಗವಾಗಿ ಇದ್ದದ್ದು ಚಿಕ್ಕರಸಿನಕೆರೆಯ ಹಿತ್ತಲಲ್ಲಿ ಗುಟ್ಟಾಗಿದೆ.

ಇನ್ನು ಆ ಕಡೆಯ ಕಥೆ. ಮೆಗಲನ್ನನ ಜೊತೆ 1521ರಲ್ಲಿ ಆ ದ್ವೀಪಗಳಿಗೆ ಹೋದ ಪಿಗಫೆಟ್ಟ ಎಂಬ ಇಟಲಿಯವನು ದಿನಚರಿ ಬರೆದಿಟ್ಟಿದ್ದಾನೆ. ಅಲ್ಲಿನ ರಾಜ ಅವನ ಮುಂದೆ ಇಟ್ಟದ್ದು ಅನ್ನ, ರಸದ ಸಮೇತ ಹಂದಿ ಮಾಂಸ, ಜೊತೆಗೆ ತಾಳೆ ಮರದ ಹೆಂಡ. ಅದು ಶುಭ ಶುಕ್ರವಾರ, ಕ್ರೈಸ್ತರಿಗೆ ಮಾಂಸ ನಿಷೇಧ. ಬೇರೆ ದಾರಿ ಕಾಣದೆ ತಿಂದೆ ಅಂತ ಪಾಪ ಅವನೇ ಒಪ್ಪಿಕೊಂಡಿದ್ದಾನೆ :) ಅಲ್ಲೂ ತಿನ್ನುವವನ ಮನಸ್ಸಿನಲ್ಲೊಂದು ಅಳುಕು ನೋಡಿ!

1565ರಲ್ಲಿ ಸ್ಪೇನಿನವರು ಬಂದು ನೆಲೆಯೂರಿದರು. ಸ್ಥಳೀಯರು ಮಾಂಸವನ್ನು ಹುಳಿಯಲ್ಲಿ ಬೇಯಿಸುವುದು ಕಂಡು ತಮ್ಮ ಭಾಷೆಯ 'ಅದೋಬೋ' ಎಂಬ ಹೆಸರು ಕೊಟ್ಟರು. 1613ರ ತಗಲೋಗ್ ನಿಘಂಟಿನಲ್ಲಿ "ಇಲ್ಲಿಯವರ ಅದೋಬೋ" ಎಂಬರ್ಥದ ಮಾತು ಸಿಗುತ್ತದೆ. ಹೆಸರು ಹೊರಗಿನದು, ಅಡುಗೆ ಅವರದ್ದೇ. ಗುಟ್ಟು ಇರುವುದು ಹುಳಿಯಲ್ಲಿ. ತೆಂಗು, ನೀಪಾ ತಾಳೆಗಳ ಹೆಂಡ ಹುಳಿತು ವಿನಿಗರ್ ಆಗುತ್ತದೆ. ಉಪ್ಪು, ಹುಳಿ ಸೇರಿದ ಮಾಂಸ ಬಿಸಿಲ ನಾಡಿನಲ್ಲೂ ಬೇಗ ಕೆಡುವುದಿಲ್ಲ. ಸೋಯಾ ಸಾಸ್ ಚೀನಿಯರಿಂದ ಬಂದದ್ದು.

ನಮ್ಮಲ್ಲೂ ಇದೇ ಲೆಕ್ಕ ಅಲ್ವಾ? ಕೊಡಗಿನವರು ಉಪ್ಪಾಗೆ ಹಣ್ಣಿನ ರಸವನ್ನು ಕಪ್ಪಗೆ ಗಟ್ಟಿಯಾಗುವ ತನಕ ಕುದಿಸಿ ಕಾಚಂಪುಳಿ ಮಾಡಿ ಪಂದಿಕರಿಗೆ ಹಾಕುತ್ತಾರೆ. ಮಂಗಳೂರಿನ ಕ್ರೈಸ್ತರು ಬಫಾತ್ ಪುಡಿ ಹಾಕಿ ಹಂದಿ ಬೇಯಿಸಿ ವಿನಿಗರೋ ಹುಣಸೆಯೋ ಬೆರೆಸುತ್ತಾರೆ. ಗೋವಾದ ವಿಂದಾಲೂ ಪೋರ್ಚುಗೀಸರ ವೈನು ಬೆಳ್ಳುಳ್ಳಿ ಅಡುಗೆಯಿಂದ ಹುಟ್ಟಿ, ಇಲ್ಲಿ ತೆಂಗಿನ ಹೆಂಡದ ವಿನಿಗರಿಗೆ ಬದಲಾಯಿತು. ಕೊಡಗಿನವರನ್ನೂ ಕರಾವಳಿಯ ಕ್ರೈಸ್ತರನ್ನೂ 1780ರ ದಶಕದಲ್ಲಿ ಟಿಪ್ಪು ಸೆರೆ ಹಿಡಿದು ತಂದದ್ದು ನಮ್ಮ ಜಿಲ್ಲೆಯ ಶ್ರೀರಂಗಪಟ್ಟಣಕ್ಕೆ. ಎಷ್ಟು ಜನ ಅನ್ನುವುದರಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ. ಅಷ್ಟೆಲ್ಲಾ ಆದರೂ ಆ ಎರಡೂ ಕಡೆಯವರು ಇವತ್ತಿಗೂ ಮದುವೆ ಮನೆಯಲ್ಲಿ ಹಂದಿ ಅಡುಗೆ ಮಾಡಿ ನೆಂಟರಿಗೆ ಹೆಮ್ಮೆಯಿಂದ ಬಡಿಸುತ್ತಾರೆ. ನಾವು ಮಾತ್ರ ಮಟನ್ನು ಅಂತೀವಿ.

ನಾನು ಮಾಡಿದ್ದು ಹೀಗೆ. ಕೊಬ್ಬು ಸೇರಿದ ಮಾಂಸ ಒಂದು ಕೆಜಿ, ಅರ್ಧ ಲೋಟ ವಿನಿಗರ್, ಅಷ್ಟೇ ಸೋಯಾ ಸಾಸ್, ಒಂದಿಡೀ ಗಡ್ಡೆ ಬೆಳ್ಳುಳ್ಳಿ ಜಜ್ಜಿದ್ದು, ಕಾಳುಮೆಣಸು, ಪಲಾವ್ ಎಲೆ, ಒಂದು ಲೋಟ ನೀರು. ವಿನಿಗರಿನ ಹಸಿ ವಾಸನೆ ಹೋಗುವ ತನಕ ಸೌಟು ಹಾಕಬಾರದು ಅಂತ ಗೆಳೆಯ ಹೇಳಿದ್ದ, ಹಾಕಲಿಲ್ಲ. ಆಮೇಲೆ ಸಣ್ಣ ಉರಿಯಲ್ಲಿ ಒಂದು ಗಂಟೆ. ರಸ ಇಂಗಿ ಕೊಬ್ಬು ಬಿಟ್ಟುಕೊಂಡಾಗ ಇಳಿಸಿದೆ. ಅನ್ನದ ಜೊತೆ ತಿನ್ನಬೇಕು, ನಾವು ಮುದ್ದೆ ಜೊತೆ ತಿಂದ್ವಿ.

ಅಪ್ಪ ಎರಡು ಸಲ ಹಾಕಿಸಿಕೊಂಡ. ಅವ್ವ ಬಾಗಿಲಲ್ಲೇ ನಿಂತಿದ್ದಳು. ಜನ್ಮದಲ್ಲಿ ಹಂದಿ ಮುಟ್ಟದವಳು, ಒಂದು ಬೆರಳು ರಸ ನೆಕ್ಕಿ "ಹುಳಿ ಜಾಸ್ತಿ ಆಯ್ತು, ಖಾರ ಏನೇನೂ ಇಲ್ಲ" ಅಂದಳು. ಪಾತ್ರೆ ಮಾತ್ರ ಹಿತ್ತಲಲ್ಲೇ ಉಳಿಯಿತು. ಅವಳ ಅಡುಗೆಮನೆ, ಅವಳ ಕಟ್ಟಲೆ. ಅದನ್ನು ಮುರಿಯುವ ಹಠ ನನಗಿಲ್ಲ. ಸಂಜೆ ಪಕ್ಕದ ಮನೆಯವರು ಬೇಲಿ ಆಚೆಯಿಂದ "ಏನ್ ಬಾಡು, ಘಮ ಅಂತದಲ್ಲ?" ಅಂದರು. "ಹಂದಿ" ಅಂದೆ. ಅವರು ಆಚೆ ಈಚೆ ನೋಡಿ ಮೆಲ್ಲಗೆ ಕೇಳಿದರು, "ಮಿಕ್ಕದಾ?"

ಮಿಕ್ಕಿತ್ತು, ಕೊಟ್ಟೆ. ನಿಮ್ಮ ಮನೆ ಹಿತ್ತಲಲ್ಲೂ ಇಂಥ ಪಾತ್ರೆ ಇದ್ದರೆ ಬರೆಯಿರಿ, ಓದುವ ಆಸೆ ಇದೆ.