59 ದಿನಗಳ ಬಾಳು: ಹವಳದ ದಿಬ್ಬದ ಕುಬ್ಜ ಗೋಬಿ

ನಾವು ಹೊಲಕ್ಕೆ ಹೆಸರುಕಾಳು ಬಿತ್ತಿ ಕಾಯಿ ಬಿಡಿಸುವಷ್ಟರಲ್ಲಿ ಈ ಮೀನು ಹುಟ್ಟಿ, ಬೆಳೆದು, ಮೊಟ್ಟೆಯಿಟ್ಟು, ಸತ್ತೂ ಹೋಗಿರುತ್ತದೆ. ಇದನ್ನು ಕುಬ್ಜ ಗೋಬಿ ಎನ್ನುತ್ತಾರೆ. (ತಳ್ಳುಗಾಡಿಯ ಗೋಬಿ ಮಂಚೂರಿಗೂ ಇದಕ್ಕೂ ಸಂಬಂಧವಿಲ್ಲ!) ವೈಜ್ಞಾನಿಕ ಹೆಸರು ಎವಿಯೋಟ ಸಿಗಿಲ್ಲಾಟ. ಉದ್ದ ಸುಮಾರು 2 ಸೆಂ.ಮೀ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಎಂಬ ಹವಳದ ದಿಬ್ಬಗಳ ಸಾಲಿನಲ್ಲಿ ಇದರ ವಾಸ.

ಆಸ್ಟ್ರೇಲಿಯಾದ ಜೇಮ್ಸ್ ಕುಕ್ ವಿಶ್ವವಿದ್ಯಾಲಯದ ಮಾರ್ಷಲ್ ಡೆಪ್‌ಚಿನ್ಸ್ಕಿ ಮತ್ತು ಡೇವಿಡ್ ಬೆಲ್‌ವುಡ್ ಇದರ ಆಯುಷ್ಯ ಲೆಕ್ಕ ಹಾಕಿ 2005ರಲ್ಲಿ ಪ್ರಕಟಿಸಿದರು. ಅವರಿಗೆ ಸಿಕ್ಕ ಅತಿ ಮುದಿ ಮೀನಿನ ವಯಸ್ಸು ಕೇವಲ 59 ದಿನ. ಬೆನ್ನೆಲುಬುಳ್ಳ ಪ್ರಾಣಿಗಳಲ್ಲೇ ಇದು ಅತಿ ಕಡಿಮೆ ಆಯುಷ್ಯವೆಂದು ದಾಖಲಾಯಿತು. ಅದಕ್ಕೂ ಮೊದಲು ಈ ದಾಖಲೆ ಆಫ್ರಿಕಾದ ಮಳೆಗುಂಡಿಗಳಲ್ಲಿ ಬಾಳುವ ಕಿಲ್ಲಿಫಿಶ್ ಹೆಸರಿನಲ್ಲಿತ್ತು.

ಇಷ್ಟು ಚಿಕ್ಕ ಮೀನಿನ ವಯಸ್ಸು ಗೊತ್ತಾಗುವುದು ಹೇಗೆ? ಮೀನಿನ ತಲೆಯೊಳಗೆ ಕಿವಿಗಲ್ಲು ಎಂಬ ಪುಟ್ಟ ಹರಳಿರುತ್ತದೆ. ಅದರ ಮೇಲೆ ದಿನಕ್ಕೊಂದು ಬಳೆಯಂತಹ ಗೆರೆ ಮೂಡುತ್ತದೆ. ಮರದ ಕಾಂಡದ ಉಂಗುರ ಎಣಿಸಿ ವರ್ಷ ತಿಳಿಯುವಂತೆ, ಇಲ್ಲಿ ಗೆರೆ ಎಣಿಸಿ ದಿನ ತಿಳಿಯುತ್ತಾರೆ.

ಮೊಟ್ಟೆಯೊಡೆದ ಮರಿ ಮೊದಲ 3 ವಾರ ತೆರೆದ ಕಡಲಿನಲ್ಲಿ ತೇಲುತ್ತದೆ. ಬಳಿಕ ಹವಳದ ದಿಬ್ಬಕ್ಕೆ ಬಂದು ನೆಲೆಸಿ, ಒಂದೆರಡು ವಾರದಲ್ಲಿ ಪ್ರಾಯಕ್ಕೆ ಬರುತ್ತದೆ. ಆಮೇಲೆ ಉಳಿಯುವುದು ಹೆಚ್ಚೆಂದರೆ ಮೂರೂವರೆ ವಾರ. ಅಷ್ಟರಲ್ಲಿ ಹೆಣ್ಣು ಹೆಚ್ಚೆಂದರೆ 3 ಸಲ, ಒಟ್ಟು ಸುಮಾರು 400 ಮೊಟ್ಟೆ ಇಡುತ್ತದೆ. ಮೊಟ್ಟೆ ಕಾಯುವ ಕೆಲಸ ಗಂಡಿನದು.

ಇಷ್ಟೊಂದು ಅವಸರವೇಕೆ? ಹವಳದ ದಿಬ್ಬದಲ್ಲಿ ಕಾಲಿಟ್ಟಲ್ಲೆಲ್ಲ ಶತ್ರು. ದಿನವೂ ನೂರಕ್ಕೆ ಸುಮಾರು 8 ಗೋಬಿಗಳು ಸಾಯುತ್ತವೆ, ಬಹುಪಾಲು ಬೇರೆ ಮೀನಿನ ಬಾಯಿಗೆ ಬಿದ್ದು. ನಿಧಾನವಾಗಿ ಬೆಳೆಯುವ ಮೀನಿಗೆ ಇಲ್ಲಿ ಸಂತಾನವೇ ಉಳಿಯದು. ಸಾಯುವ ಮುನ್ನ ಮೊಟ್ಟೆಯಿಟ್ಟು ಮುಗಿಸಬೇಕು, ಇದೇ ಇದರ ಬಾಳಿನ ಲೆಕ್ಕ.

ಹಾಗೆಂದು ಈ ಸಾವು ವ್ಯರ್ಥವಲ್ಲ. ಹವಳದ ದಿಬ್ಬಗಳಲ್ಲಿ ಬೇರೆ ಜೀವಿಗಳ ಹೊಟ್ಟೆ ಸೇರುವ ಮೀನಿನಲ್ಲಿ ಸುಮಾರು ಶೇ. 60ರಷ್ಟು ಇಂತಹ ಪುಟಾಣಿ ಮೀನುಗಳದ್ದೇ ಎಂದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿದೆ. ತಿಂದಷ್ಟೂ ಹೊಸ ಮರಿಗಳು ಬಂದು ಜಾಗ ತುಂಬುತ್ತವೆ. ನಾವು ಬೆರಗಿನಿಂದ ನೋಡುವ ದೊಡ್ಡ ಬಣ್ಣದ ಮೀನುಗಳ ಹೊಟ್ಟೆ ತುಂಬಿಸುವುದು ನಮ್ಮ ಕಣ್ಣಿಗೇ ಬೀಳದ ಇವು. ಹವಳ ಸತ್ತರೆ ಇವುಗಳ ಸಂದುಗೊಂದಿನ ಮನೆ ಹೋಗುತ್ತದೆ, ಜೊತೆಗೆ ಆ ಕಡಲಿನ ಅನ್ನವೂ.