ಕಟ್ಟೆ, ನೋಟೀಸು, ರಾಜಿ: ಕೋರ್ಟಿಗೆ ಮುಂಚಿನ ಚರಿತ್ರೆ

ಊರಲ್ಲಿ ಜಗಳವಾದರೆ ಹಿರಿಯರು ಮೊದಲು ಹೇಳೋದು ಒಂದೇ ಮಾತು: 'ಕೋರ್ಟು ಕಚೇರಿ ಯಾಕ್ರಪ್ಪ, ಕೂತು ಮಾತಾಡಿ ಮುಗಿಸಿಕೊಳ್ಳಿ.' ಕೇಳಲು ಹಿತವಾದ ಮಾತು. ಆದರೆ ಕೂರುವುದೆಲ್ಲಿ? ಅರಳಿಕಟ್ಟೆಯ ಮೇಲೆ. ಆ ಕಟ್ಟೆಯ ಮೇಲೆ ಕೂರುವ ಹಕ್ಕೇ ಇಲ್ಲದೆ ಕೆಳಗೆ ಕೈಕಟ್ಟಿ ನಿಂತವನು ಏನನ್ನು ಮಾತಾಡಬೇಕು, ಹೇಗೆ ಮುಗಿಸಿಕೊಳ್ಳಬೇಕು?

ಈಗ ದೇಶದಲ್ಲೆಲ್ಲ ಇದೇ ಮಾತು ಹೊಸ ಅಂಗಿ ತೊಟ್ಟು ಬಂದಿದೆ. ಮಧ್ಯಸ್ಥಿಕೆ, ರಾಜಿ ಸಂಧಾನ, ಲೋಕ ಅದಾಲತ್, ದಾವೆಪೂರ್ವ ಇತ್ಯರ್ಥ. ಕೋರ್ಟುಗಳಲ್ಲಿ ಕಡತ ರಾಶಿ ಬಿದ್ದಿದೆ, ಬಡವನಿಗೆ ವಕೀಲರ ಫೀಜು ಕೊಡಲಾಗದು, ವರ್ಷಗಟ್ಟಲೆ ಅಲೆಯಲಾಗದು ಅನ್ನುತ್ತಾರೆ. ಇದರಲ್ಲಿ ಸುಳ್ಳಿಲ್ಲ. ಆದರೆ ಮನೆಯ ವಿಷಯ ಬಂದಾಗ, ಒಕ್ಕಲೆಬ್ಬಿಸುವ ವಿಷಯ ಬಂದಾಗ, ಕೋರ್ಟಿಗೆ ಮುಂಚಿನ ಈ ಮೆಟ್ಟಿಲು ಯಾರಿಗಾಗಿ ಕಟ್ಟಿದ್ದು, ಯಾರ ಕಾಲಿಗೆ ಎಟುಕುವಂತೆ ಕಟ್ಟಿದ್ದು ಎಂದು ಚರಿತ್ರೆಯನ್ನು ಕೇಳಬೇಕಾಗುತ್ತದೆ.

ಕೇರಿಯವರಿಗೆ ಮನೆ ಯಾವತ್ತೂ ಬರೀ ಮನೆಯಾಗಿರಲಿಲ್ಲ. ಗೌಡನ ಹೊಲದ ಬದಿಯ ಗುಡಿಸಲಿಗೆ ಬಾಡಿಗೆ ಇರಲಿಲ್ಲ, ದುಡಿಮೆ ಇತ್ತು. ಕೂಲಿ ಜಾಸ್ತಿ ಕೇಳಿದರೆ, ಬೇರೆಯವರ ಹೊಲಕ್ಕೆ ಹೋದರೆ, ಓಟು ಬೇರೆಯವರಿಗೆ ಹಾಕಿದರೆ ಬರುವ ಮೊದಲ ಮಾತು 'ನನ್ನ ಜಾಗ ಬಿಡು' ಅನ್ನೋದು. ಜಗಳ ಕೂಲಿಯದ್ದು, ಶಿಕ್ಷೆ ಸೂರಿನದ್ದು. ಇಂಥ ಜಗಳ ಕಟ್ಟೆಗೆ ಹೋದರೆ ತೀರ್ಪು ಹೇಳುವವರು ಆ ಗೌಡನ ನಂಟರು, ಇಲ್ಲವೇ ಅವನ ಸಾಲಗಾರರು. ರಾಜಿ ಅಂದರೆ ತಪ್ಪುಕಾಣಿಕೆ ಕಟ್ಟಿ, ಕಾಲಿಗೆ ಬಿದ್ದು, ಹಳೆಯ ಕೂಲಿಗೇ ಮತ್ತೆ ದುಡಿಯುವುದು.

ಇದನ್ನು ನಮಗಿಂತ ಬಹಳ ಮುಂಚೆ ಕಂಡವರು ಬಾಬಾಸಾಹೇಬರು. 1932ರ ಅಕ್ಟೋಬರಿನಲ್ಲಿ ಮುಂಬಯಿ ಶಾಸನಸಭೆಯ ಮುಂದೆ ಗ್ರಾಮ ಪಂಚಾಯಿತಿ ಮಸೂದೆ ಇತ್ತು. ಊರ ಪಂಚಾಯಿತಿಗೆ ನ್ಯಾಯ ಹೇಳುವ ಅಧಿಕಾರ ಕೊಡುವುದನ್ನು ಅವರು ವಿರೋಧಿಸಿದರು. ಜಾತಿಯಲ್ಲಿ ಮುಳುಗಿದ ಊರು ಆರಿಸಿ ಕೂರಿಸಿದ ಪಂಚರಿಂದ ಅಸ್ಪೃಶ್ಯನಿಗೆ ನಿಷ್ಪಕ್ಷಪಾತ ಸಿಗದು ಎಂಬುದು ಅವರ ವಾದದ ತಿರುಳು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕರಡನ್ನು ಮಂಡಿಸುವಾಗಲೂ ಹಳ್ಳಿಯನ್ನು ಹೊಗಳುವವರ ಎದುರು ನಿಂತು, ವ್ಯಕ್ತಿಯೇ ಸಂವಿಧಾನದ ಘಟಕ, ಹಳ್ಳಿಯಲ್ಲ ಎಂದರು. ಅದೇ ತಿಂಗಳಲ್ಲಿ ಗ್ರಾಮ ಪಂಚಾಯಿತಿಯ ಮಾತು ನಿರ್ದೇಶಕ ತತ್ವಗಳೊಳಗೆ ಸೇರಿತು, ಈಗಿನ 40ನೆಯ ವಿಧಿ. ಕಟ್ಟೆ ಸೋಲಲಿಲ್ಲ. ಕಾಯ್ದೆಯ ಪುಸ್ತಕದಲ್ಲಿ ಕೂರಲು ಅದಕ್ಕೂ ಒಂದು ಮೂಲೆ ಸಿಕ್ಕಿತು.

ಇನ್ನು ನೋಟೀಸಿನ ಕಥೆ. ಬ್ರಿಟಿಷರು 1882ರಲ್ಲಿ ಮಾಡಿದ ಸ್ವತ್ತು ವರ್ಗಾವಣೆ ಕಾಯ್ದೆಯ 106ನೆಯ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ತಿಂಗಳ ಬಾಡಿಗೆದಾರನನ್ನು ಬಿಡಿಸಲು 15 ದಿನದ ನೋಟೀಸು ಬೇಕು. ಬೇಸಾಯಕ್ಕೋ ತಯಾರಿಕೆಗೋ ಕೊಟ್ಟ ಗುತ್ತಿಗೆಯಾದರೆ 6 ತಿಂಗಳು. ಒಳ್ಳೆಯದೇ. ಆದರೆ ಇದು ಬಾಡಿಗೆ ಕರಾರು ಇರುವ ಇಬ್ಬರ ನಡುವಿನ ಮರ್ಯಾದೆ. ಕರಾರು ಇಲ್ಲದವನು, ರಶೀದಿ ಇಲ್ಲದವನು, 'ಇದ್ದುಕೋ ಹೋಗು' ಅನ್ನೋ ಬಾಯಿಮಾತಿನ ಮೇಲೆ ಮೂರು ತಲೆಮಾರು ಬಾಳಿದವನು ಆ ಕಲಮಿನ ಹೊರಗೇ ಉಳಿದ. ಆಮೇಲೆ ಬಂದ ಬಾಡಿಗೆ ನಿಯಂತ್ರಣ ಕಾಯ್ದೆಗಳು, ನಮ್ಮಲ್ಲಿ 1961ರದ್ದು, ಕಾರಣ ತೋರಿಸದೆ ಮನೆ ಬಿಡಿಸಕೂಡದು ಎಂದವು. ಅದರ ನೆರಳು ಬಿದ್ದದ್ದು ಪೇಟೆಯ ವಠಾರಗಳ ಮೇಲೆ. ಕೇರಿಯ ಗುಡಿಸಲನ್ನು ಅದು ಬಾಡಿಗೆಮನೆ ಅಂತ ನೋಡಲೇ ಇಲ್ಲ.

ಸರ್ಕಾರದ ವಿರುದ್ಧ ನೀವೇ ದಾವೆ ಹೂಡಬೇಕಾದರೆ? 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೆಯ ಕಲಮು ಓದಿ. ಮೊದಲು ಸರ್ಕಾರಕ್ಕೆ ಬರೆದು ತಿಳಿಸಬೇಕು, ಎರಡು ತಿಂಗಳು ಕಾಯಬೇಕು. ಬುಲ್ಡೋಜರು ನಾಳೆ ಬೆಳಿಗ್ಗೆ ಬರುತ್ತೆ, ನೀನು ಎರಡು ತಿಂಗಳು ತಾಳು! 1976ರ ತಿದ್ದುಪಡಿಯಲ್ಲಿ ಒಂದು ಬಾಗಿಲು ತೆರೆದರು. ತುರ್ತು ಪರಿಹಾರ ಬೇಕಿದ್ದರೆ ಕೋರ್ಟಿನ ಅನುಮತಿ ಪಡೆದು ನೋಟೀಸಿಲ್ಲದೆಯೇ ದಾವೆ ಹಾಕಬಹುದು. ಈ ಬಾಗಿಲು ಇದೆ ಅನ್ನುವುದು ಎಷ್ಟು ಕೇರಿಗಳಿಗೆ ಗೊತ್ತು?

ಇನ್ನೊಂದು ಕಾಯ್ದೆ ನೋಡಿ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೆಯ ಕಲಮು ಬಲು ಚೆಂದದ ಕಲಮು. ನಿಮ್ಮನ್ನು ಯಾರಾದರೂ ಕಾನೂನು ಕ್ರಮವಿಲ್ಲದೆ ಜಾಗದಿಂದ ಹೊರಹಾಕಿದರೆ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ವಾಪಸು ಪಡೆಯಬಹುದು. ಜಾಗ ಯಾರದ್ದು ಎಂಬ ಪ್ರಶ್ನೆಯೇ ಅಲ್ಲಿ ಬರುವುದಿಲ್ಲ, ನೀವು ಅಲ್ಲಿ ಇದ್ದಿರೋ ಇಲ್ಲವೋ ಅಷ್ಟೆ. ಗೌಡನ ಮೇಲೆ ಇದನ್ನು ಬಳಸಬಹುದು. ಆದರೆ ಕೆಳಗೆ ಒಂದು ಸಾಲಿದೆ: ಸರ್ಕಾರದ ವಿರುದ್ಧ ಈ ದಾವೆ ಹೂಡುವಂತಿಲ್ಲ. ತೋಳ್ಬಲದಿಂದ ಎಬ್ಬಿಸಿದರೆ ತಪ್ಪು ಎಂದು ಬರೆದ ಕೈಯೇ ಸರ್ಕಾರದ ತೋಳನ್ನು ಲೆಕ್ಕದಿಂದ ತೆಗೆದಿಟ್ಟಿತು.

ಇದಕ್ಕೆ ತದ್ವಿರುದ್ಧವಾಗಿ, ಕೋರ್ಟಿಗೆ ಮುಂಚಿನ ಮೆಟ್ಟಿಲನ್ನು ಬಡವರ ಕಡೆಯಿಂದ ಕಟ್ಟಿದ ಉದಾಹರಣೆಗಳೂ ಚರಿತ್ರೆಯಲ್ಲಿವೆ. ಕೇಂದ್ರ ಸರ್ಕಾರ 1956ರಲ್ಲಿ ಕೊಳೆಗೇರಿಗಳ ಕಾಯ್ದೆ ಮಾಡಿತು. ಅದರ 19ನೆಯ ಕಲಮಿನ ಪ್ರಕಾರ ದೆಹಲಿಯಂಥ ಕಡೆ ಕೊಳೆಗೇರಿಯ ಬಾಡಿಗೆದಾರನ ಮೇಲೆ ಡಿಕ್ರಿ ಸಿಕ್ಕರೂ, ಅದನ್ನು ಜಾರಿ ಮಾಡಲು ಅಧಿಕಾರಿಯ ಅನುಮತಿ ಬೇಕು. 1964ರ ತಿದ್ದುಪಡಿಯಿಂದ ದಾವೆ ಹೂಡುವುದಕ್ಕೂ ಅನುಮತಿ ಬೇಕಾಯಿತು. ಅಧಿಕಾರಿ ಕೇಳಬೇಕಾದ ಪ್ರಶ್ನೆಗಳಲ್ಲಿ ಒಂದು ಇದು: ಇವನನ್ನು ಎಬ್ಬಿಸಿದರೆ ಇವನ ಕೈಗೆಟುಕುವ ಬೇರೆ ಮನೆ ಇವನಿಗೆ ಸಿಗುತ್ತದೆಯೇ? ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. 1961ರಲ್ಲಿ ಕೋರ್ಟು ಆ ಕಲಮನ್ನು ಎತ್ತಿಹಿಡಿಯಿತು. 'ಜಾಗ ಯಾರದ್ದು' ಎಂಬುದರ ಜೊತೆಗೆ 'ಇವರು ಎಲ್ಲಿಗೆ ಹೋಗಬೇಕು' ಎಂದೂ ಕೇಳುವ ಕಾನೂನನ್ನು ಈ ದೇಶ ಮಾಡಿತ್ತು, ನಡೆಸಿಯೂ ಇತ್ತು ಅನ್ನುವುದನ್ನು ನಾವು ಮರೆಯಬಾರದು.

ಕರ್ನಾಟಕದ 1974ರ ಭೂಸುಧಾರಣೆ ಅಂದರೆ ಎಲ್ಲರಿಗೂ ನೆನಪಾಗುವುದು ಗೇಣಿದಾರರ ಅರ್ಜಿ. ಅದೇ ಕಾಯ್ದೆಯ 38ನೆಯ ಕಲಮು ಕೂಲಿಯವರ ಮನೆಯ ಮಾತಾಡುತ್ತದೆ. ಬೇರೆಯವರ ಜಮೀನಿನಲ್ಲಿ ಮನೆ ಕಟ್ಟಿಕೊಂಡು ವಾಸವಿದ್ದ ಕೃಷಿ ಕೂಲಿಗೆ ಆ ಮನೆಯೂ ಅದರ ನಿವೇಶನವೂ ಸೇರಬೇಕು. ಗೇಣಿಯ ತಕರಾರು ಬಗೆಹರಿಸಲು ಭೂ ನ್ಯಾಯ ಮಂಡಳಿಗಳು ಬಂದವು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಲೇಬೇಕು. ಅಲ್ಲಿ ವಕೀಲರು ವಾದ ಮಾಡುವಂತಿರಲಿಲ್ಲ. ಕಟ್ಟೆಯ ಕೆಳಗೆ ನಿಂತಿದ್ದವನ ಕುಲದವನೊಬ್ಬ ಕಾಯ್ದೆಯ ಬಲದಿಂದ ಮೇಜಿನ ಆಚೆ ಕೂತ. ಮಂಡಳಿಗಳಲ್ಲಿ ಜಮೀನುದಾರರ ಪ್ರಭಾವ ಇರಲಿಲ್ಲ ಅಂತ ಯಾರೂ ಹೇಳಲಾರರು. ಆದರೆ ಕೂರುವ ಜಾಗ ಯಾರದ್ದು ಅನ್ನುವುದನ್ನು ಊರಿನ ರೂಢಿಗೆ ಬಿಡದೆ ಕಾಯ್ದೆಯಲ್ಲೇ ಬರೆದರಲ್ಲ, ಅದು ದೊಡ್ಡ ಮಾತು.

ಆದರೆ 38ನೆಯ ಕಲಮಿನ ಹಕ್ಕು ಪಡೆಯಬೇಕಾದರೆ ಕೂಲಿಯವನೇ ಮುಂದೆ ಬಂದು ಕೇಳಬೇಕಿತ್ತು. ಇವತ್ತಿನ ಅನ್ನ ಕೊಡುವವನ ವಿರುದ್ಧ ಅರ್ಜಿ ಹಾಕಬೇಕಿತ್ತು. ಅನೇಕರು ಹಾಕಲಿಲ್ಲ, ಯಾಕೆ ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ಹಾಡಿ, ದೊಡ್ಡಿ, ಕಾಲೋನಿಗಳಂಥ ದಾಖಲೆಯಿಲ್ಲದ ಜನವಸತಿಗಳ ಮನೆಗಳಿಗೆ ಹಕ್ಕು ಕೊಡುವ 38ಎ ಕಲಮು ಬಂದದ್ದು 2017ರಲ್ಲಿ. 1974ರಿಂದ ಅಲ್ಲಿಗೆ 43 ವರ್ಷ. ಅಷ್ಟೂ ವರ್ಷ ಆ ಜನ ತಮ್ಮ ಮನೆಗಳಲ್ಲೇ ಅತಿಕ್ರಮಣದಾರರಾಗಿದ್ದರು.

ಜೀತದ ಕಾಯ್ದೆಯನ್ನಂತೂ ನಮ್ಮ ಕಾರ್ಯಕರ್ತರು ಬಾಯಿಪಾಠ ಮಾಡಬೇಕು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ 8ನೆಯ ಕಲಮು ಹೇಳುತ್ತದೆ: ಬಿಡುಗಡೆಯಾದ ಜೀತದಾಳನ್ನು, ಜೀತದ ಭಾಗವಾಗಿ ಅವನು ವಾಸವಿದ್ದ ಮನೆಯಿಂದ ಎಬ್ಬಿಸಕೂಡದು. ಎಬ್ಬಿಸಿದರೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಆದಷ್ಟು ಬೇಗ ಮನೆ ವಾಪಸು ಕೊಡಿಸಬೇಕು. ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತಬೇಕಿಲ್ಲ, ಸ್ಟಾಂಪು ಹಚ್ಚಬೇಕಿಲ್ಲ. ಜೀತವೂ ಸೂರೂ ಒಂದೇ ಹಗ್ಗದ ಎರಡು ತುದಿ ಎಂದು ತಿಳಿದವರು ಬರೆದ ಕಲಮು ಇದು.

ಪಟ್ಟಣದ ಕಥೆ ಮುಂಬಯಿಯಿಂದ ಶುರುವಾಗುತ್ತದೆ. 1981ರ ಜುಲೈ, ಮಳೆಗಾಲ. ಫುಟ್‌ಪಾತಿನ ಮೇಲೆ ಬದುಕುವವರನ್ನೆಲ್ಲ ಎಬ್ಬಿಸಿ ಅವರವರ ಊರಿಗೆ ಸಾಗಿಸುತ್ತೇವೆ ಎಂದು ಮುಖ್ಯಮಂತ್ರಿ ಅಂತುಲೆ ಘೋಷಿಸಿದರು. ಮುನಿಸಿಪಲ್ ಕಾಯ್ದೆಯ 314ನೆಯ ಕಲಮಿನಲ್ಲಿ ನೋಟೀಸೇ ಇಲ್ಲದೆ ತೆಗೆಯುವ ಅಧಿಕಾರವಿತ್ತು. ಪತ್ರಕರ್ತೆ ಓಲ್ಗಾ ಟೆಲಿಸ್ ಹಾಗೂ ಫುಟ್‌ಪಾತಿನವರು ಸುಪ್ರೀಂ ಕೋರ್ಟಿಗೆ ಹೋದರು. 1985ರ ಜುಲೈ 10ರಂದು ಐವರು ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟಿತು. ಬದುಕುವ ಹಕ್ಕಿನಲ್ಲಿ ದುಡಿದು ತಿನ್ನುವ ಹಕ್ಕೂ ಸೇರಿದೆ ಎಂದಿತು. ಎಬ್ಬಿಸುವ ಮುಂಚೆ ಸಾಮಾನ್ಯವಾಗಿ ಅವರ ಮಾತು ಕೇಳಬೇಕು, ಕೇಳಿದ್ದರಿಂದ ಫಲ ಬದಲಾಗಲಿ ಬಿಡಲಿ, ಕೇಳುವುದರಲ್ಲೇ ಮನುಷ್ಯನಿಗೆ ಕೊಡುವ ಗೌರವವಿದೆ ಎಂದಿತು. ಕಣ್ಣಿಗೊತ್ತಿಕೊಳ್ಳುವ ಮಾತು. ಆಮೇಲೆ? ನಾವೇ ಕೇಳಿದ್ದೇವಲ್ಲ, ಇನ್ನು ಬೇರೆ ವಿಚಾರಣೆ ಬೇಡ ಎಂದು, ಅಕ್ಟೋಬರ್ 31ರವರೆಗೆ ಗಡುವು ಕೊಟ್ಟು ಎಬ್ಬಿಸಲು ಬಿಟ್ಟಿತು. 1976ರ ಗಣತಿಯ ಚೀಟಿ ಇದ್ದವರಿಗೆ ಬೇರೆ ಜಾಗ ಕೊಡಿ ಎಂದರೂ, ಅದು ಎಬ್ಬಿಸುವುದಕ್ಕೆ ಪೂರ್ವಷರತ್ತಲ್ಲ ಎಂದಿತು. ನಮ್ಮ ಮಾತು ಕೇಳುವುದೂ ನಮ್ಮನ್ನು ಎಬ್ಬಿಸುವುದೂ ಒಟ್ಟೊಟ್ಟಿಗೆ ನಡೆಯಬಹುದು ಅನ್ನುವುದು ಅಂದಿನಿಂದ ಕಾನೂನಾಯಿತು.

ಆ ಕಾಲದಲ್ಲೇ ರಾಜಿಯ ಹೊಸ ಯುಗವೂ ಹುಟ್ಟಿತು. 1982ರಲ್ಲಿ ಗುಜರಾತಿನಲ್ಲಿ ಲೋಕ ಅದಾಲತ್ ಆರಂಭವಾಯಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಅದಕ್ಕೆ ಬಲ ಕೊಟ್ಟಿತು. ದಾವೆ ಹೂಡುವ ಮುಂಚಿನ ತಕರಾರನ್ನೂ ಅಲ್ಲಿಗೆ ತರಬಹುದು. 2002ರಿಂದ ಸಿವಿಲ್ ಸಂಹಿತೆಯ 89ನೆಯ ಕಲಮು ಕೋರ್ಟಿನಲ್ಲಿರುವ ವ್ಯಾಜ್ಯವನ್ನೂ ರಾಜಿಗೆ ಕಳಿಸತೊಡಗಿತು. 2007ರಲ್ಲಿ ಬೆಂಗಳೂರಿನಲ್ಲಿ ಮಧ್ಯಸ್ಥಿಕೆ ಕೇಂದ್ರ ತೆರೆಯಿತು. 2021ರ ಮಧ್ಯಸ್ಥಿಕೆ ಮಸೂದೆಯಲ್ಲಿ ದಾವೆಗೆ ಮುಂಚೆ ಮಧ್ಯಸ್ಥಿಕೆ ಕಡ್ಡಾಯ ಎಂದಿತ್ತು. ಸಂಸದೀಯ ಸಮಿತಿ ಆಕ್ಷೇಪಿಸಿತು. 2023ರಲ್ಲಿ ಕಾಯ್ದೆಯಾದಾಗ ಅದು ಇಚ್ಛೆಗೆ ಬಿಟ್ಟದ್ದಾಯಿತು. ಇಚ್ಛೆ ಎಂಬ ಪದವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಯಾರಾದರೂ 'ಮೊದಲು ರಾಜಿಗೆ ಬರಲೇಬೇಕು' ಅಂದರೆ 'ಯಾವ ಕಾಯ್ದೆ ಸ್ವಾಮಿ?' ಅಂತ ಕೇಳುವ ಹಕ್ಕು ನಮಗಿದೆ.

ಯಾಕೆಂದರೆ ಲೋಕ ಅದಾಲತ್ತಿನ ರಾಜಿಗೆ ಹೆಬ್ಬೆಟ್ಟು ಒತ್ತಿದರೆ ಅದು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ. ಅದರ ಮೇಲೆ ಅಪೀಲಿಲ್ಲ. ಕಟ್ಟೆಯ ರಾಜಿಯನ್ನಾದರೂ ನಾಳೆ ಮುರಿಯಬಹುದಿತ್ತು. ಈ ರಾಜಿಗೆ ಮೊಹರು ಇದೆ. ನಮ್ಮ ಮನೆಯಲ್ಲಿ ಮೊದಲು ಅಕ್ಷರ ಕಲಿತವನು ನಾನಾದ್ದರಿಂದ ಕೇರಿಗೆ ಬರುವ ಇಂಥ ಕಾಗದಗಳನ್ನು ಓದಿ ಹೇಳುವುದು ನನ್ನ ಪಾಲಿಗೆ ಬರುತ್ತದೆ. 'ಉಭಯತ್ರರ ಸಮ್ಮತಿಯ ಮೇರೆಗೆ' ಅಂತ ಓದುವಾಗ, ಉಭಯತ್ರರು ಅಂದರೆ ಯಾರು ಅಂತ ಅಜ್ಜಿಯರು ಕೇಳುತ್ತಾರೆ. ಒಪ್ಪಿಕೊಂಡೆವು ಎಂದು ಬರೆದ ಭಾಷೆಯೇ ಒಪ್ಪಿಕೊಂಡವರಿಗೆ ಗೊತ್ತಿಲ್ಲ.

2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟು ಬುಲ್ಡೋಜರಿಗೆ ಲಗಾಮು ಹಾಕಿತು. ಒಡೆಯುವ ಮುಂಚೆ 15 ದಿನದ ನೋಟೀಸು ರಿಜಿಸ್ಟರ್ ಅಂಚೆಯಲ್ಲಿ ಬರಬೇಕು, ಕಟ್ಟಡಕ್ಕೂ ಅಂಟಿಸಬೇಕು, ಖುದ್ದು ವಿಚಾರಣೆ ಆಗಬೇಕು, ಆದೇಶವಾದ ಮೇಲೂ 15 ದಿನ ಕಾಯಬೇಕು. ದೊಡ್ಡ ತೀರ್ಪು, ಸಂತೋಷ. ಆದರೆ ಯಾವುದಕ್ಕೆ ಇದು ಅನ್ವಯಿಸುವುದಿಲ್ಲ ಎಂಬ ಸಾಲನ್ನೂ ಓದಿ: ರಸ್ತೆ, ಬೀದಿ, ಫುಟ್‌ಪಾತು, ರೈಲು ಹಳಿಯ ಬದಿ, ನದಿ ನೀರಿನ ಅಂಚು, ಮತ್ತು ಕೋರ್ಟೇ ಒಡೆಯಲು ಹೇಳಿದ ಕಡೆ. ಬಡವ ಗುಡಿಸಲು ಹಾಕುವುದು ಮತ್ತೆಲ್ಲಿ? ಬೆಂಗಳೂರಿನ ಈಜಿಪುರದಲ್ಲಿ 2013ರ ಜನವರಿಯ ಚಳಿಯಲ್ಲಿ ಸಾವಿರಕ್ಕೂ ಹೆಚ್ಚು ಕುಟುಂಬಗಳ ಶೆಡ್ಡುಗಳನ್ನು ಪಾಲಿಕೆ ಕೆಡವಿದ್ದೂ ಹೈಕೋರ್ಟಿನ ಆದೇಶ ಹಿಡಿದೇ.

ಹಾಗಾದರೆ ರಾಜಿಯೇ ಬೇಡವೇ? ಬೇಡ ಅನ್ನುವಷ್ಟು ಸೊಕ್ಕು ಬಡವನಿಗೆ ಎಲ್ಲಿಂದ ಬರಬೇಕು? ಸಮನಾಗಿ ಕೂತರೆ ರಾಜಿಯೂ ಸರಿಯೇ. ಸಮನಾಗಿ ಕೂರಬೇಕಾದರೆ ಮೊದಲು ಕೈಯಲ್ಲಿ ಹಕ್ಕು ಇರಬೇಕು. 1987ರ ಕಾಯ್ದೆಯ 12ನೆಯ ಕಲಮಿನ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಂಗಸರಿಗೆ ಆದಾಯದ ಲೆಕ್ಕವಿಲ್ಲದೆ ಪುಕ್ಕಟೆ ವಕೀಲರು ಸಿಗಬೇಕು. ತಾಲ್ಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. 1989ರ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ, ದಲಿತರಲ್ಲದವರು ದಲಿತನನ್ನು ಅನ್ಯಾಯವಾಗಿ ಜಾಗದಿಂದ ಹೊರದಬ್ಬುವುದು, ಮನೆ ಬಿಟ್ಟು ಊರು ಬಿಟ್ಟು ಹೋಗುವಂತೆ ಮಾಡುವುದು ಅಪರಾಧ. ಅದನ್ನು ಕಟ್ಟೆಯ ಮೇಲೆ ಕೂತು ಮಾಫಿ ಮಾಡುವ ಅಧಿಕಾರ ಯಾವ ಯಜಮಾನನಿಗೂ ಇಲ್ಲ.

ಹಳ್ಳಿಯ ಮೇಷ್ಟರುಗಳಿಗೆ, ಹಾಸ್ಟೆಲಿನ ಗೆಳೆಯರಿಗೆ ಒಂದು ಮಾತು. ಕೇರಿಗೆ ನೋಟೀಸು ಬಂದರೆ ಬಂದ ತಾರೀಕನ್ನು ಅದರ ಬೆನ್ನ ಮೇಲೆ ಬರೆದಿಡಿ. ವಿಚಾರಣೆಗೆ ಕರೆದರೆ ಒಬ್ಬರನ್ನೇ ಕಳಿಸಬೇಡಿ. ರಾಜಿ ಕಾಗದವನ್ನು ಗಟ್ಟಿಯಾಗಿ ಓದಿ ಹೇಳದೆ ಯಾರೂ ಹೆಬ್ಬೆಟ್ಟು ಒತ್ತದಂತೆ ನೋಡಿಕೊಳ್ಳಿ. ಅದರಲ್ಲಿ ಜಾಗದ ಅಳತೆ, ಗಡುವು, ಬದಲಿ ಮನೆ ಎಲ್ಲಿ ಅನ್ನುವುದು ಬರೆದಿಲ್ಲವಾದರೆ ವಾಪಸು ಕೊಡಿ, ಬರೆದು ತರಲಿ. ಕಾಯಿಸಿ ಕಾಯಿಸಿ ನಮ್ಮನ್ನು ಸೋಲಿಸಿದ ಜನ ಅವರು. ಒಂದು ದಿನ ಅವರೂ ಕಾಯಲಿ.