ಕರಿಹಲಗೆಯ ಮೇಲಿನ ಹೆಸರುಗಳು

ಕ್ರಿ. ಶ. 1879ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನದ ಪೆನ್ಸಿಲ್ವೇನಿಯಾ ಪ್ರಾಂತಕ್ಕೆ ಸೇರಿದ ಕಾರ್ಲೈಲ್ ಎಂಬ ಊರಿಗೆ, ದೂರದ ಡಕೋಟಾ ಬಯಲುಸೀಮೆಯಿಂದ 80ಕ್ಕೂ ಮೇಲ್ಪಟ್ಟು ಲಕೋಟ ಜನಾಂಗದ ಮಕ್ಕಳು ಬಂದಿಳಿದರು. ಸೈನ್ಯದ ಹಳೆಯ ಪಾಳೆಯವೇ ಅವರ ಪಾಠಶಾಲೆ. ರಿಚರ್ಡ್ ಪ್ರಾಟ್ ಎಂಬ ಸೇನಾಧಿಕಾರಿಯೇ ಅದರ ಸ್ಥಾಪಕನು. ಮೂಲನಿವಾಸಿಗಳನ್ನು ಕೊಲ್ಲುವುದಕ್ಕಿಂತ ಬಿಳಿಯರನ್ನಾಗಿ ಮಾಡುವುದು ಲೇಸೆಂಬುದು ಆತನ ಮತ. ಆ ಕಾಲದ ಯುದ್ಧಗಳನ್ನು ಕಂಡಿದ್ದ ಅನೇಕರಿಗೆ ಇದು ದಯೆಯೆಂದೇ ತೋರಿದ್ದಿತು.

ಆ ಮಕ್ಕಳಲ್ಲಿ ಒಟ ಕ್ಟೆ ಎಂಬ, ಸುಮಾರು 11 ವರ್ಷದ ಬಾಲಕನೊಬ್ಬನಿದ್ದನು. ತಂದೆಯು ಯುದ್ಧದಲ್ಲಿ ಅನೇಕ ಶತ್ರುಗಳನ್ನು ಕೊಂದುದರ ಸ್ಮರಣೆಗಾಗಿ ಇಟ್ಟ ಹೆಸರದು. ಒಂದು ದಿನ ತರಗತಿಯ ಕರಿಹಲಗೆಯ ಮೇಲೆ ಏನೋ ಗೀಟುಗಳು ಕಂಡುವು. ಅವು ಬಿಳಿಯರ ಹೆಸರುಗಳೆಂದು ದುಭಾಷಿಯು ತಿಳಿಸಿದನು. ಹುಡುಗರೊಬ್ಬೊಬ್ಬರ ಕೈಗೂ ಕೋಲನ್ನಿತ್ತು, ಒಂದನ್ನು ಮುಟ್ಟಿ ತೋರಿಸಬೇಕೆಂದರು. ಮುಟ್ಟಿದ ಹೆಸರನ್ನು ಬಟ್ಟೆಯ ಪಟ್ಟಿಯ ಮೇಲೆ ಬರೆದು ಅಂಗಿಯ ಬೆನ್ನಿಗೆ ಹೊಲಿದರು. ಹಲಗೆಯ ಮೇಲಿನದನ್ನು ಅಳಿಸಿದರು. ಲಕೋಟರಲ್ಲಿ ಶತ್ರುವನ್ನು ಕೋಲಿನಿಂದ ಮುಟ್ಟಿ ಹಿಂದಿರುಗುವುದು ವೀರನ ಲಕ್ಷಣ. ಬಾಲಕನು ಹಾಗೆಯೇ, ಶತ್ರುವನ್ನು ಮುಟ್ಟುವವನಂತೆ, ಕೋಲನ್ನು ಚಾಚಿದನು. ಅಂದಿನಿಂದ ಅವನು ಲೂಥರ್ ಆದನು. ತಂದೆಯ ಹೆಸರಿನ ಆಂಗ್ಲ ರೂಪವೂ ಸೇರಿ ಲೂಥರ್ ಸ್ಟ್ಯಾಂಡಿಂಗ್ ಬೇರ್ ಎಂದು ಪ್ರಸಿದ್ಧನಾದನು. ಈ ಸಂಗತಿಯನ್ನೆಲ್ಲ ಆತನೇ 1928ರ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿರುವನು.

ಹೆಸರಿನಂತೆ ಜಡೆಯೂ ಹೋಯಿತು. ಲಕೋಟರಲ್ಲಿ ಕೂದಲನ್ನು ಕತ್ತರಿಸಿಕೊಳ್ಳುವುದು ಸಾವಿನ ಶೋಕಕ್ಕೆ. ಬಂಧುಗಳು ತೀರಿಕೊಂಡಾಗ ತಲೆ ಬೋಳಿಸುವ ನಮ್ಮ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಯಾರೂ ಸಾಯದೆಯೇ ಮಕ್ಕಳು ಶೋಕದ ಗುರುತನ್ನು ಹೊತ್ತರು. ತಾನಿನ್ನು ಲಕೋಟನಲ್ಲ, ಬಿಳಿಯನ ಅನುಕರಣವೆಂದು ತೋರಿ ಲೂಥರನಿಗೆ ಕಣ್ಣೀರು ಬಂದಿತಂತೆ. ತಾಯ್ನುಡಿಯನ್ನಾಡುವುದಕ್ಕೂ ನಿಷೇಧ, ತಪ್ಪಿದರೆ ಶಿಕ್ಷೆ.

ಸಾವುಗಳೂ ಬಾರದೆ ಇರಲಿಲ್ಲ. ಕ್ಷಯವೇ ಮೊದಲಾದ ರೋಗಗಳು ಶಾಲೆಯನ್ನು ಹೊಕ್ಕುವು. 1918ರಲ್ಲಿ ಶಾಲೆ ಮುಚ್ಚುವ ವೇಳೆಗೆ ಅಲ್ಲಿನ ಸ್ಮಶಾನದಲ್ಲಿ 180ರಷ್ಟು ಮಕ್ಕಳ ಗೋರಿಗಳಿದ್ದುವು.

ಹಾಗೆಂದು ಲೂಥರನು ವಿದ್ಯೆಯನ್ನು ಹಳಿದವನಲ್ಲ. ಕಾರ್ಲೈಲಿನಲ್ಲಿ ಕಲಿತ ಇಂಗ್ಲೀಷಿನಿಂದಲೇ ಗ್ರಂಥಗಳನ್ನು ರಚಿಸಿ ತನ್ನವರ ಪರವಾಗಿ ವಾದಿಸಿದನು. ಆದರೆ ಎಳೆಯ ಮಗುವೊಂದನ್ನು ತನ್ನ ವಶಕ್ಕೆ ಕೊಟ್ಟರೆ, ಅದರ ಹಿತಕ್ಕಾಗಿ ಅದನ್ನು ಪೂರ್ವಿಕರ ದಾರಿಯಲ್ಲಿಯೇ ಬೆಳೆಸುವೆನೆಂದು 1933ರಲ್ಲಿ ಬರೆದನು. ಎರಡು ಬಾಳನ್ನೂ ಬಾಳಿದವನ ಈ ಮಾತನ್ನು ಹಳೆಯದರ ಮೋಹವೆಂದು ತಳ್ಳಿಹಾಕಲಾಗದು.

1939ರಲ್ಲಿ ಅವನು ತೀರಿಕೊಂಡನು. 2021ರ ಜುಲೈ ತಿಂಗಳಲ್ಲಿ ರೋಸ್‌ಬಡ್ ಸೀಮೆಯ ಲಕೋಟರು ಕಾರ್ಲೈಲಿಗೆ ಹೋಗಿ, ತಮ್ಮ ಒಂಬತ್ತು ಮಕ್ಕಳ ಅಸ್ಥಿಗಳನ್ನು ಅಗೆಯಿಸಿ ತಮ್ಮ ನಾಡಿಗೆ ಕೊಂಡೊಯ್ದರು.